ಶಿಕಾರಿಪುರ–ಸೊರಬ ಸೀಮೆಯ ಸೈಕಲ್ಲು ಮತ್ತು ಅದರ ಹಸ್ತಾಂತರ

ಶಿವಮೊಗ್ಗ ಜಿಲ್ಲೆಯ ಉತ್ತರದ ಅಂಚಿನಲ್ಲಿ ಒಂದಕ್ಕೊಂದು ಹೊಂದಿಕೊಂಡಿರುವ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳನ್ನು ಚರಿತ್ರೆಕಾರರು ಶಾಸನಗಳ ಸೀಮೆಯೆಂದೇ ಕಾಣುತ್ತ ಬಂದಿದ್ದಾರೆ. ಕದಂಬರ ಕಾಲದ ತಾಳಗುಂದದ ಸ್ತಂಭಶಾಸನ, ಬಳ್ಳಿಗಾವಿಯ ದೇವಾಲಯಗಳ ಅಂಗಳದಲ್ಲಿ ನಿಂತಿರುವ ಶಾಸನಗಳು, ಸೊರಬದ ಹಳ್ಳಿಹಳ್ಳಿಗಳಲ್ಲಿ ಸಿಗುವ ವೀರಗಲ್ಲುಗಳು ಇವೆಲ್ಲ ಸೇರಿ ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ 1902ರ ಏಳನೆಯ ಮತ್ತು 1904ರ ಎಂಟನೆಯ ಸಂಪುಟಗಳಲ್ಲಿ ದೊಡ್ಡ ಪಾಲನ್ನು ಪಡೆದಿವೆ. ಇವುಗಳಲ್ಲಿ ಬಹಳಷ್ಟು ದಾನಶಾಸನಗಳು. ಅಂದರೆ ಒಂದು ಸ್ವತ್ತು ಯಾರಿಂದ ಯಾರಿಗೆ ಸಂದಿತು, ಅದರ ಎಲ್ಲೆ ಯಾವುದು, ಸಾಕ್ಷಿ ಯಾರು ಎಂಬುದನ್ನು ಹೇಳುವ, ‘ಧಾರಾಪೂರ್ವಕ’ವಾಗಿ, ಎಂದರೆ ಕೈಗೆ ನೀರೆರೆದು ಕೊಟ್ಟದ್ದನ್ನು ಸಾರುವ ಬರಹಗಳು. ಭೂಮಿಯ ಹಸ್ತಾಂತರವನ್ನು ಇಷ್ಟು ಕಾಳಜಿಯಿಂದ ದಾಖಲಿಸಿಟ್ಟ ಈ ಸೀಮೆಯಲ್ಲೇ ಇಪ್ಪತ್ತನೆಯ ಶತಮಾನದುದ್ದಕ್ಕೂ ತಂದೆಯಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ, ವರ್ಗವಾಗಿ ಹೋಗುವ ಮೇಷ್ಟರಿಂದ ಊರಿನ ರೈತನಿಗೆ ದಾಟುತ್ತ ಹೋದ ಉಕ್ಕಿನ ಸೈಕಲ್ಲಿನ ಚರಿತ್ರೆ ಮಾತ್ರ ಬರಹಕ್ಕೆ ಬಂದದ್ದು ತೀರ ಕಡಿಮೆ. ದುಡಿಯುವ ಜನರ ಬದುಕನ್ನು ಆಳವಾಗಿ ಬದಲಿಸಿದ ಯಂತ್ರಗಳಲ್ಲಿ ಮೊದಲ ಸಾಲಿಗೆ ಸೇರುವ ಸೈಕಲ್ಲು ಒಬ್ಬ ಒಡೆಯನಿಂದ ಇನ್ನೊಬ್ಬನಿಗೆ ಹೇಗೆ ಸಂದಿತು ಎಂಬುದನ್ನು ತಿಳಿಯದೆ ಈ ಊರುಗಳ ಆಧುನಿಕ ಚರಿತ್ರೆ ಪೂರ್ಣವಾಗಲಾರದು.

ಈ ಭಾಗಕ್ಕೆ ಸೈಕಲ್ಲು ಅಷ್ಟು ಅಗತ್ಯವಾದದ್ದಕ್ಕೆ ಮುಖ್ಯ ಕಾರಣ ರೈಲಿನ ಗೈರುಹಾಜರಿ. ಬೀರೂರಿನಿಂದ ಹೊರಟ ರೈಲು ಮಾರ್ಗ 1899ರಲ್ಲಿ ಶಿವಮೊಗ್ಗವನ್ನು ಮುಟ್ಟಿತು. ಅಲ್ಲಿಂದ ಆನಂದಪುರ, ಸಾಗರಗಳ ಮೂಲಕ ಹಂತಹಂತವಾಗಿ ಮುಂದುವರಿದು 1940ರಲ್ಲಿ ತಾಳಗುಪ್ಪವನ್ನು ತಲುಪಿತು. ಇತ್ತ ಪೂರ್ವದಲ್ಲಿ ಹರಿಹರ–ಹುಬ್ಬಳ್ಳಿ ಮಾರ್ಗ ರಾಣೆಬೆನ್ನೂರನ್ನು ಹಾದುಹೋಗುತ್ತಿತ್ತು. ಈ ಎರಡು ಹಳಿಗಳ ನಡುವೆ ಉಳಿದುಕೊಂಡ ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಸೊರಬಗಳಿಗೆ ಎತ್ತಿನ ಗಾಡಿ, ಅಪರೂಪಕ್ಕೊಮ್ಮೆ ಬರುವ ಬಸ್ಸು ಮತ್ತು ನಡಿಗೆಯೇ ಗತಿಯಾಗಿತ್ತು. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಸುಮಾರು 50 ಕಿಲೋಮೀಟರ್ ದೂರವಿದ್ದರೂ ಜನರ ನಿತ್ಯದ ಕಷ್ಟ ಆ ದೂರದ್ದಾಗಿರಲಿಲ್ಲ. ಹಳ್ಳಿಯಿಂದ ಸಂತೆಗೆ, ಮನೆಯಿಂದ ಹೈಸ್ಕೂಲಿಗೆ, ಊರಿನಿಂದ ಗದ್ದೆಗೆ ಇರುವ ಎರಡು ಹರದಾರಿಯ ದೂರವೇ ಅವರ ದಿನವನ್ನು ನುಂಗುತ್ತಿತ್ತು. ಸೈಕಲ್ಲು ನೀಗಿಸಿದ್ದು ಈ ಕಿರುದೂರವನ್ನು. ಇದೇ ಜಿಲ್ಲೆಯ ತೀರ್ಥಹಳ್ಳಿ ಸೀಮೆಯನ್ನು ಚಿತ್ರಿಸುವ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಕಾಡುದಾರಿಗೆ ಬಂದ ಬೈಸಿಕಲ್ಲನ್ನು ಜನ ಬೆರಗಿನಿಂದಲೂ ಅಳುಕಿನಿಂದಲೂ ನೋಡುತ್ತಾರೆ. ಬಯಲು ಮತ್ತು ಮಲೆನಾಡು ಕೂಡುವ ಶಿಕಾರಿಪುರದಂಥ ಅರೆಮಲೆನಾಡಿನಲ್ಲಿ ಏರಿಳಿತ ಕಡಿಮೆಯಾದ್ದರಿಂದ ಆ ಬೆರಗು ಬೇಗನೆ ಬಳಕೆಯಾಗಿ ಮಾರ್ಪಟ್ಟಿರಬೇಕು. ಸೊರಬದ ಪಶ್ಚಿಮಕ್ಕೆ, ಚಂದ್ರಗುತ್ತಿಯ ಕಡೆಗೆ ಹೋದಂತೆ ಏರು ಹೆಚ್ಚಿ, ಸವಾರ ಸೈಕಲ್ಲನ್ನು ತಳ್ಳಿಕೊಂಡು ನಡೆಯುವ ದಾರಿಯೂ ಹೆಚ್ಚುತ್ತದೆ.

ಇಲ್ಲಿಗೆ ಬಂದ ಸೈಕಲ್ಲಿನ ವಂಶಾವಳಿ ಇಂಗ್ಲೆಂಡಿನದು. ಹೆಚ್ಚುಕಡಿಮೆ ಸಮಾನವಾದ ಎರಡು ಗಾಲಿಗಳ, ಚೈನಿನಿಂದ ಹಿಂದಿನ ಗಾಲಿಯನ್ನು ತಿರುಗಿಸುವ ‘ರೋವರ್’ ಸೈಕಲ್ಲನ್ನು ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ರೂಪಿಸಿದರು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದರು. ಮುಂದಿನ ಅರ್ಧ ಶತಮಾನದಲ್ಲಿ ರ‍್ಯಾಲೆ, ಬಿ.ಎಸ್.ಎ., ಹರ್ಕ್ಯುಲಿಸ್, ಹಂಬರ್ ಮುಂತಾದ ಕಂಪನಿಗಳು ವಸಾಹತುಗಳಿಗೆ ಕಳುಹಿಸಿದ ‘ರೋಡ್‌ಸ್ಟರ್’ ಎಂಬ ಮಾದರಿಯೇ ಇಂದಿಗೂ ಹಳ್ಳಿಗಳಲ್ಲಿ ‘ದೊಡ್ಡ ಸೈಕಲ್ಲು’ ಎನಿಸಿಕೊಂಡಿರುವ ಕಪ್ಪು ಸೈಕಲ್ಲು. ಇಪ್ಪತ್ತೆಂಟು ಇಂಚಿನ ಗಾಲಿ, ಇಪ್ಪತ್ತೆರಡು ಅಥವಾ ಇಪ್ಪತ್ತನಾಲ್ಕು ಇಂಚಿನ ಫ್ರೇಮು, ತಂತಿಯ ಬದಲು ಉಕ್ಕಿನ ಸರಳುಗಳಿಂದ ಎಳೆಯುವ ಬ್ರೇಕು ಇವು ಅದರ ಲಕ್ಷಣಗಳು. ಅದರ ಫ್ರೇಮಿನಲ್ಲಿ ಉಕ್ಕಿನ ಕೊಳವೆಗಳನ್ನು ನೇರವಾಗಿ ಒಂದಕ್ಕೊಂದು ಅಂಟಿಸುತ್ತಿರಲಿಲ್ಲ. ಕೊಳವೆಯ ತುದಿಗಳನ್ನು ‘ಲಗ್’ ಎಂಬ ಉಕ್ಕಿನ ತೋಳಿನೊಳಗೆ ತೂರಿಸಿ, ಆ ಸಂದಿನಲ್ಲಿ ಕರಗಿದ ಹಿತ್ತಾಳೆ ಹರಿಯುವಂತೆ ಮಾಡಿ ಬೆಸೆಯುತ್ತಿದ್ದರು. ಹಿತ್ತಾಳೆ ಉಕ್ಕಿಗಿಂತ ಕಡಿಮೆ ಶಾಖದಲ್ಲಿ ಕರಗುವುದರಿಂದ ಕೊಳವೆ ಬೆಂದು ಪೆಡಸಾಗುವುದಿಲ್ಲ. ಹಾಗಾಗಿಯೇ ಇಂಥ ಫ್ರೇಮು ಗುಂಡಿಬಿದ್ದ ದಾರಿಯಲ್ಲಿ ಎರಡು ಮೂಟೆ ಹೊತ್ತು ದಶಕಗಳ ಕಾಲ ಓಡಿದರೂ ಸಂದು ಬಿಡುತ್ತಿರಲಿಲ್ಲ. ಮೂರು ತಲೆಮಾರಿನ ಕೈ ದಾಟಿ ಬಂದ ಸೈಕಲ್ಲುಗಳ ಗುಟ್ಟು ಇಲ್ಲಿದೆ.

ಸ್ವಾತಂತ್ರ್ಯದ ನಂತರ ಆಮದು ಇಳಿದು ದೇಶೀ ತಯಾರಿಕೆ ಬೆಳೆಯಿತು. ಮದ್ರಾಸಿನ ಅಂಬತ್ತೂರಿನ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ ಹುಟ್ಟಿದವು. ಆಸನ್‌ಸೋಲಿನಲ್ಲಿ ಸೇನ್–ರ‍್ಯಾಲೆ ಕಾರ್ಖಾನೆ ಎದ್ದಿತು. 1956ರಲ್ಲಿ ಲೂಧಿಯಾನದ ಹೀರೋ ಬಂದಿತು. 1951ರ ಸುಮಾರಿಗೆ ವರ್ಷಕ್ಕೆ ಒಂದು ಲಕ್ಷದಷ್ಟಿದ್ದ ದೇಶದ ಸೈಕಲ್ ಉತ್ಪಾದನೆ 1961ರ ಹೊತ್ತಿಗೆ ಹತ್ತು ಲಕ್ಷವನ್ನು ದಾಟಿತು. ಆದರೆ ಈ ಅಂಕಿಗಳು ಒಂದು ಮುಖ್ಯ ಸಂಗತಿಯನ್ನು ಮರೆಮಾಡುತ್ತವೆ. ಕಾರ್ಖಾನೆಯಿಂದ ಹೊರಟದ್ದು ಸೈಕಲ್ಲಲ್ಲ, ಸೈಕಲ್ಲಿನ ಬಿಡಿಭಾಗಗಳ ಕಟ್ಟು. ಗೋಣಿ ಮತ್ತು ಕಾಗದ ಸುತ್ತಿದ ಫ್ರೇಮು, ಬೇರೆ ಕಟ್ಟಿನಲ್ಲಿ ರಿಮ್ಮುಗಳು, ಪೊಟ್ಟಣದಲ್ಲಿ ಕಡ್ಡಿಗಳು, ಡಬ್ಬಿಯಲ್ಲಿ ಬಾಲ್ಸುಗಳು ಹೀಗೆ ರೈಲಿನಲ್ಲಿ ಶಿವಮೊಗ್ಗಕ್ಕೋ ರಾಣೆಬೆನ್ನೂರಿಗೋ ಬಂದ ಸಾಮಾನು ಲಾರಿ, ಬಸ್ಸುಗಳ ಮೇಲೇರಿ ತಾಲ್ಲೂಕಿನ ಅಂಗಡಿಗೆ ಸೇರುತ್ತಿತ್ತು. ಅದನ್ನು ಜೋಡಿಸಿ ಓಡುವ ವಾಹನವನ್ನಾಗಿ ಮಾಡುವ ಕೆಲಸಕ್ಕೆ ‘ಫಿಟ್ಟಿಂಗ್’ ಎಂದು ಹೆಸರು; ಮಾಡುವವನು ಸೈಕಲ್ ಶಾಪಿನ ಮೇಸ್ತ್ರಿ. ಕಂಪನಿ ಯಾವುದೇ ಇರಲಿ, ಗಿರಾಕಿ ಮನೆಗೆ ಒಯ್ಯುತ್ತಿದ್ದದ್ದು ಊರಿನ ಮೇಸ್ತ್ರಿಯ ಕೈಯಲ್ಲಿ ತಯಾರಾದ ಸೈಕಲ್ಲನ್ನೇ.

ಈ ಕೈಚಳಕ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಗಾಲಿ ಕಟ್ಟುವಲ್ಲಿ. ದೊಡ್ಡ ಸೈಕಲ್ಲಿನ ಮುಂದಿನ ಗಾಲಿಗೆ 32, ಭಾರ ಹೊರುವ ಹಿಂದಿನ ಗಾಲಿಗೆ 40 ಕಡ್ಡಿಗಳು. ಮೇಸ್ತ್ರಿ ನೆಲದ ಮೇಲೆ ಕುಳಿತು, ನಡುವಿನ ಹಬ್ಬಿನ ತೂತುಗಳಿಗೆ ಕಡ್ಡಿಗಳನ್ನು ಒಂದು ಒಳಗಿನಿಂದ, ಒಂದು ಹೊರಗಿನಿಂದ ಪೋಣಿಸಿ, ಅವು ಒಂದನ್ನೊಂದು ಅಡ್ಡಹಾಯ್ದು ಹೆಣೆದುಕೊಳ್ಳುವಂತೆ ರಿಮ್ಮಿಗೆ ಮುಟ್ಟಿಸಿ, ತುದಿಗೆ ನಿಪ್ಪಲ್ ಎಂಬ ಚಿಕ್ಕ ತಿರುಪನ್ನು ಹಾಕುತ್ತಾನೆ. ಆಮೇಲೆ ‘ಬೆಂಡು ತೆಗೆಯುವ’ ಸರದಿ. ಗಾಲಿಯನ್ನು ಆಕ್ಸಲಿನ ಮೇಲೆ ತಿರುಗಿಸಿ, ರಿಮ್ಮಿನ ಪಕ್ಕಕ್ಕೆ ಸುಣ್ಣದ ಕಡ್ಡಿಯನ್ನೋ ಹೆಬ್ಬೆರಳಿನ ಉಗುರನ್ನೋ ಹಿಡಿದು, ಅದು ಎಲ್ಲಿ ತಗಲುತ್ತದೆ ಎಂದು ನೋಡಿ, ಆ ಕಡೆಯ ಕಡ್ಡಿಯನ್ನು ಕಾಲು ಸುತ್ತು ಸಡಿಲಿಸಿ ಎದುರಿನದನ್ನು ಅಷ್ಟೇ ಬಿಗಿಯುತ್ತಾನೆ. ಕಡ್ಡಿಗಳನ್ನು ಬೆರಳಿನಿಂದ ಮೀಟಿ ನಾದದಿಂದಲೇ ಬಿಗಿಯನ್ನು ಅಳೆಯುವ ಮೇಸ್ತ್ರಿಗಳು ಅಳತೆಯ ಉಪಕರಣವನ್ನು ಬಯಸಿದವರಲ್ಲ. ಒಂದೆಡೆ ಬಿಗಿ ಹೆಚ್ಚಿದರೆ ಕೆಲವೇ ತಿಂಗಳಲ್ಲಿ ಕಡ್ಡಿ ತುಂಡಾಗುತ್ತದೆ, ಕಡಿಮೆಯಾದರೆ ಭತ್ತದ ಮೂಟೆಯ ಭಾರಕ್ಕೆ ಗಾಲಿ ಸೊಟ್ಟಗಾಗುತ್ತದೆ. ‘ಇದು ಇಂಥವರು ಕಟ್ಟಿದ ಗಾಲಿ’ ಎಂದು ಹೇಳಿ ಹಳೆಯ ಸೈಕಲ್ಲಿಗೆ ಬೆಲೆ ಕೇಳುವ ರೂಢಿ ಬಂದದ್ದು ಈ ಕಾರಣದಿಂದ.

ಸೊರಬದ ಕೈಕಸುಬು ಎಂದೊಡನೆ ನೆನಪಾಗುವವರು ಗುಡಿಗಾರರು. ಸೊರಬ ಮತ್ತು ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನು ರೈಸ್ ಅವರ ಗೆಜೆಟಿಯರಿನಿಂದ ಹಿಡಿದು ಇಂದಿನವರೆಗೆ ಎಲ್ಲರೂ ಕೊಂಡಾಡಿದ್ದಾರೆ, ಅದು ನ್ಯಾಯವೇ. ಆದರೆ ಅದೇ ಪೇಟೆಬೀದಿಯಲ್ಲಿ, ಎಣ್ಣೆ ಹಿಡಿದ ಹಲಗೆಯ ಕೆಳಗೆ, ಹತ್ತು–ಹನ್ನೆರಡು ವರ್ಷದ ಹುಡುಗನಾಗಿ ಪಂಚರ್ ಹಾಕುವುದರಿಂದ ಆರಂಭಿಸಿ, ವರ್ಷಗಳ ನಂತರ ಗಾಲಿ ಕಟ್ಟುವ ಹಕ್ಕನ್ನು ಪಡೆದ ಮೇಸ್ತ್ರಿಯ ವಿದ್ಯೆ ಯಾವ ಗೆಜೆಟಿಯರಿನಲ್ಲೂ ಕುಶಲಕಲೆಯೆನಿಸಿಕೊಳ್ಳಲಿಲ್ಲ. ಗಂಧದ ಪೆಟ್ಟಿಗೆ ಅರಮನೆಗಳಿಗೂ ಪ್ರದರ್ಶನಗಳಿಗೂ ಹೋಯಿತು, ಸೈಕಲ್ಲು ಗದ್ದೆಗೆ ಹೋಯಿತು. ಕುಶಲತೆಯನ್ನು ಅಳೆಯುವವರು ಕೊಳ್ಳುವವನ ಅಂತಸ್ತನ್ನು ನೋಡಿ ಅಳೆದರು ಎಂದೇ ಹೇಳಬೇಕಾಗುತ್ತದೆ.

ಮಲೆನಾಡಿನ ಮಳೆ ಉಕ್ಕಿನ ಶತ್ರು. ಜೂನಿನಿಂದ ಸೆಪ್ಟೆಂಬರಿನವರೆಗೆ ಕೆಮ್ಮಣ್ಣಿನ ಕೆಸರು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿಯನ್ನೇ ಹಿಡಿಯುತ್ತದೆ; ಒದ್ದೆಯಾದ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಜಾರುತ್ತದೆ; ಪೆಡಲಿನ ಅಚ್ಚು ತಿರುಗುವ ಕೆಳಗಿನ ಗೂಡಿಗೆ ನೀರಿಳಿದು ಕಪ್ಪು, ಕೋನು, ಬಾಲ್ಸುಗಳು ತುಕ್ಕು ಹಿಡಿಯುತ್ತವೆ. ಕಪ್ಪು ಎಂದರೆ ಬಾಲ್ಸುಗಳು ಉರುಳುವ ಬಟ್ಟಲು, ಕೋನು ಎಂದರೆ ಅವುಗಳನ್ನು ಒಳಗಿನಿಂದ ಒತ್ತಿಹಿಡಿಯುವ ಬಿಲ್ಲೆ. ಮಳೆಗಾಲ ಮುಗಿದೊಡನೆ ಸೈಕಲ್ಲನ್ನು ಪೂರ್ತಿ ಬಿಚ್ಚಿ, ಪ್ರತಿ ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಸವೆದದ್ದನ್ನು ಬದಲಿಸಿ, ಗ್ರೀಸು ಮೆತ್ತಿ ಮತ್ತೆ ಜೋಡಿಸುವ ‘ಓವರಾಲ್’ ಕೆಲಸ ಮಹಾನವಮಿಯ ಹೊತ್ತಿಗೆ ಸೇರಿಕೊಂಡದ್ದು ಆಕಸ್ಮಿಕವಲ್ಲ. ಆಯುಧಪೂಜೆಗೆ ಸೈಕಲ್ಲು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸುವ ಪದ್ಧತಿ ಈ ವಾರ್ಷಿಕ ದುರಸ್ತಿಯ ಮೇಲೆ ನಿಂತಿತ್ತು. ಹಳೆಯ ಸೈಕಲ್ಲನ್ನು ಹೊಸಬರಿಗೆ ಒಪ್ಪಿಸುವುದಕ್ಕೂ ಜನ ಸಹಜವಾಗಿ ಇದೇ ಕಾಲವನ್ನು ಆರಿಸಿಕೊಂಡರು.

ಹಸ್ತಾಂತರದ ಮೊದಲ ಹೆಜ್ಜೆ ಮೇಸ್ತ್ರಿಯ ಅಂಗಡಿ. ಕೊಡುವವನೂ ಕೊಳ್ಳುವವನೂ ಅಲ್ಲಿ ಸೇರುತ್ತಿದ್ದರು. ಅನೇಕ ಸಂದರ್ಭಗಳಲ್ಲಿ ಬೆಲೆ ಕಟ್ಟುವವನು ಮೇಸ್ತ್ರಿಯೇ ಆಗಿರುತ್ತಿದ್ದನು. ಆತ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಗಾಲಿ ತಿರುಗಿಸಿ, ಪೆಡಲಿನ ಅಲುಗಾಟವನ್ನು ನೋಡಿ, ಫೋರ್ಕಿನ ಬೆಂಡನ್ನು ಕಣ್ಣಳತೆಯಲ್ಲೇ ಹಿಡಿದು, ‘ಬಾಡಿ ಗಟ್ಟಿ ಇದೆ, ಸಾಮಾನು ಹಾಕಿಸಿಕೊಳ್ಳಿ’ ಎಂದರೆ ವ್ಯಾಪಾರ ಮುಗಿದಂತೆ. ಬಾಡಿ ಎಂದರೆ ಫ್ರೇಮು, ಸಾಮಾನು ಎಂದರೆ ಉಳಿದದ್ದೆಲ್ಲ. ಲೂಧಿಯಾನದ ಸಣ್ಣ ಘಟಕಗಳು ಬ್ರಿಟಿಷ್ ಅಳತೆಯನ್ನೇ ಉಳಿಸಿಕೊಂಡು ಬಿಡಿಭಾಗಗಳನ್ನು ತಯಾರಿಸುತ್ತಿದ್ದುದರಿಂದ, ನಾಟಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಫ್ರೇಮಿಗೂ ಪಂಜಾಬಿನ ಚೈನು, ಮದ್ರಾಸಿನ ಟೈರು ಹೊಂದಿಕೊಳ್ಳುತ್ತಿದ್ದವು. ಹೀಗೆ ಪ್ರತಿ ಸಲ ಕೈ ಬದಲಾದಾಗಲೂ ಸೈಕಲ್ಲು ಮತ್ತೊಮ್ಮೆ ತಯಾರಾಗುತ್ತಿತ್ತು. ಎರಡನೆಯ ಒಡೆಯನಿಗೆ ಸಿಕ್ಕದ್ದು ಮೊದಲಿನವನು ಬಿಟ್ಟುಕೊಟ್ಟ ವಸ್ತುವಲ್ಲ, ಅದರ ಎಲುಬಿನ ಮೇಲೆ ಮೇಸ್ತ್ರಿ ಮತ್ತೆ ಕಟ್ಟಿಕೊಟ್ಟ ವಸ್ತು. ಪ್ರೀತಿಯಿಂದ ಸಾಕಿದ ಸೈಕಲ್ಲನ್ನು ಬಿಟ್ಟುಕೊಡುವ ಸಂಕಟ ತಡೆಯುವಂಥದ್ದಾಗಿದ್ದುದಕ್ಕೆ ಇದೂ ಒಂದು ಕಾರಣವಿರಬಹುದು.

ಎರಡನೆಯ ಹೆಜ್ಜೆ ಕಾಗದದ್ದು. ಫ್ರೇಮಿನ ಮೇಲೆ, ಸಾಮಾನ್ಯವಾಗಿ ಸೀಟಿನ ಕೆಳಗೆ, ಕೊರೆದಿರುವ ನಂಬರು ಅಂಗಡಿಯ ಮೂಲ ರಸೀದಿಯಲ್ಲೂ ಇರುತ್ತಿತ್ತು. ಕಳುವಾದರೆ ಪೊಲೀಸ್ ಠಾಣೆಯಲ್ಲಿ ಕೇಳುವುದು ಆ ನಂಬರನ್ನೇ ಆದ್ದರಿಂದ ರಸೀದಿಯಿಲ್ಲದ ಸೈಕಲ್ಲನ್ನು ತಿಳಿದವರು ಕೊಳ್ಳುತ್ತಿರಲಿಲ್ಲ. ಜಮೀನಿನ ಪತ್ರ, ಜಾತಕಗಳ ಜೊತೆ ಟ್ರಂಕಿನಲ್ಲಿಟ್ಟ ಆ ಮಾಸಿದ ರಸೀದಿಯನ್ನು ತೆಗೆದು ಹೊಸಬನ ಕೈಗಿಡುವುದೇ ಹಕ್ಕಿನ ವರ್ಗಾವಣೆ. ಇದಲ್ಲದೆ ಪುರಸಭೆ, ಪಂಚಾಯಿತಿಗಳು ಸೈಕಲ್ಲಿಗೆ ತೆರಿಗೆ ಹಾಕಿ, ಕಟ್ಟಿದ ಗುರುತಿಗೆ ಲೋಹದ ಬಿಲ್ಲೆಯೊಂದನ್ನು ಕೊಡುವ ಪದ್ಧತಿ ರಾಜ್ಯದ ಹಲವೆಡೆ ಇತ್ತು. ಮೋಟಾರೇತರ ವಾಹನಗಳ ಮೇಲೆ ತೆರಿಗೆ ವಿಧಿಸುವ ಅಧಿಕಾರವನ್ನು 1964ರ ಪುರಸಭೆಗಳ ಕಾಯ್ದೆಯೂ ಉಳಿಸಿಕೊಂಡಿತು. ರಾತ್ರಿ ದೀಪವಿಲ್ಲದೆ ಹೋದರೆ, ಇಬ್ಬರನ್ನು ಕೂರಿಸಿಕೊಂಡರೆ ದಂಡ ಬೀಳುತ್ತಿದ್ದ ಕಾಲವದು. ಈ ತೆರಿಗೆಯ ಪುಸ್ತಕಗಳನ್ನೂ, ಗಂಟೆಗಿಷ್ಟೆಂದು ಬಾಡಿಗೆಗೆ ಸೈಕಲ್ಲು ಕೊಡುತ್ತಿದ್ದ ಅಂಗಡಿಗಳ ಲೆಕ್ಕದ ವಹಿಗಳನ್ನೂ ಯಾರಾದರೂ ಆಸ್ಥೆಯಿಂದ ಸಂಗ್ರಹಿಸಿದರೆ, ಯಾವ ಕೇರಿಗೆ ಯಾವ ದಶಕದಲ್ಲಿ ಸೈಕಲ್ಲು ಬಂತು ಎಂಬುದನ್ನು ಊಹೆಯಿಲ್ಲದೆ ಬರೆಯಲು ಸಾಧ್ಯವಾದೀತು.

ಮೂರನೆಯದು ಹೆಸರು. ಚೈನ್ ಕವರಿನ ಮೇಲೋ ಹಿಂದಿನ ಮಡ್‌ಗಾರ್ಡಿನ ಮೇಲೋ ಒಡೆಯನ ಹೆಸರನ್ನೂ ಊರನ್ನೂ ಹಳದಿ ಅಥವಾ ಬಿಳಿ ಬಣ್ಣದಲ್ಲಿ ಬರೆಸುವ ವಾಡಿಕೆಯಿತ್ತು. ಮಾರುವಾಗ ಅದನ್ನು ಉಪ್ಪುಕಾಗದದಿಂದ ಉಜ್ಜಿ, ಕಪ್ಪು ಬಳಿದು, ಮೇಲೆ ಹೊಸ ಹೆಸರನ್ನು ಬರೆಸುತ್ತಿದ್ದರು. ಉಜ್ಜಿದ ಜಾಗದಲ್ಲಿ ಹಿಂದಿನ ಅಕ್ಷರಗಳ ಉಬ್ಬು ಓರೆ ಬೆಳಕಿನಲ್ಲಿ ಕಾಣುತ್ತಲೇ ಇರುತ್ತಿತ್ತು. ಮನೆಯೊಳಗೇ ದಾಟುವ ಸೈಕಲ್ಲಿನಲ್ಲಿ ತಂದೆಯ ಹೆಸರನ್ನು ಅಳಿಸದೆ ಬಿಡುವವರೂ ಇದ್ದರು. ಬಳಿಕ ಊರಿನ ಗುಡಿಯ ಮುಂದೆ, ಶಿಕಾರಿಪುರದಲ್ಲಾದರೆ ಹುಚ್ಚರಾಯಸ್ವಾಮಿಯ ಸನ್ನಿಧಿಯಲ್ಲಿ, ಕಾಯಿ ಒಡೆದು ಹೊಸ ಒಡೆಯ ಮೊದಲ ಬಾರಿ ಸೀಟೇರುತ್ತಿದ್ದನು.

ಯಾರಿಂದ ಯಾರಿಗೆ ಎಂಬ ಪ್ರಶ್ನೆಗೆ ಆ ಕಾಲದ ಸಮಾಜವೇ ಉತ್ತರ. ಮೊದಲು ಸೈಕಲ್ಲು ಕೊಂಡವರು ಶಾನುಭೋಗರು, ಮೇಷ್ಟರು, ಅಂಗಡಿಕಾರರು, ಹಿಡುವಳಿಯಿದ್ದ ಮನೆಯವರು. ಸಂಬಳದ ನೌಕರ ವರ್ಗವಾಗಿ ಹೋಗುವಾಗ ಮಾರಿದ ಸೈಕಲ್ಲು ರೈತನ ಮನೆ ಸೇರುತ್ತಿತ್ತು. ಮದುವೆಯಲ್ಲಿ ವಾಚು, ಸೈಕಲ್ಲು, ರೇಡಿಯೋಗಳನ್ನು ಅಳಿಯನಿಗೆ ಕೊಡಬೇಕೆಂಬ ಒತ್ತಾಯ ಬೆಳೆದು ಎಷ್ಟೋ ಬಡ ತಂದೆಯರ ಸಾಲಕ್ಕೆ ಕಾರಣವಾದದ್ದನ್ನು ಈ ಚರಿತ್ರೆ ಮುಚ್ಚಿಡಬಾರದು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದ್ದು ಈ ಸೀಮೆಯ ಪಾಲಿಗೆ ದೊಡ್ಡ ತಿರುವು. ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹದ ಫಲ ಸೊರಬದ ಗೇಣಿ ಗದ್ದೆಗಳಿಗೂ ಮುಟ್ಟಿತು. ಫಸಲಿನ ಬಹುಪಾಲನ್ನು ಧಣಿಗೆ ಅಳೆದುಕೊಡಬೇಕಾಗಿದ್ದಷ್ಟು ದಿನ ಸೈಕಲ್ಲು ಕೊಳ್ಳುವ ಮಾತೇ ಇರಲಿಲ್ಲವಾದ್ದರಿಂದ, ಗೇಣಿದಾರನ ಜಗಲಿಗೆ ಒರಗಿನಿಂತ ಸೈಕಲ್ಲು, ಅದು ಎರಡನೆಯ ಕೈಯದಾದರೂ, ಹೊಸ ಸ್ಥಿತಿಯ ಗುರುತಾಯಿತು. ಅದೇ ಸೈಕಲ್ಲಿನಲ್ಲಿ ಹುಡುಗರು, ಸೀಟಿಗೆ ಕಾಲು ನಿಲುಕದೆ, ಬಾರಿನ ಕೆಳಗಿನಿಂದ ಕಾಲು ತೂರಿಸಿ ‘ಒಳಪೆಡಲು’ ಹೊಡೆಯುತ್ತ ಕಲಿತು, ಆಮೇಲೆ ಆನವಟ್ಟಿ, ಶಿರಾಳಕೊಪ್ಪಗಳ ಶಾಲೆಗೆ ಹೋದರು.

ಹುಡುಗರು ಎಂಬ ಮಾತನ್ನು ಇಲ್ಲಿ ಬೇಕೆಂದೇ ಬಳಸಿದೆ. ಇಷ್ಟೆಲ್ಲ ಕೈ ದಾಟಿದ ಸೈಕಲ್ಲು ಹೆಣ್ಣುಮಕ್ಕಳ ಕೈಗೆ ಬಂದದ್ದು ಅಪರೂಪ. ಅಡ್ಡಬಾರಿರುವ ದೊಡ್ಡ ಸೈಕಲ್ಲನ್ನು ಸೀರೆ ಲಂಗಗಳಲ್ಲಿ ಹತ್ತಲಾಗದು ಎಂಬುದು ಅರ್ಧ ಕಾರಣ ಮಾತ್ರ. ಮನೆಯ ಸೈಕಲ್ಲು ಮನೆಯ ಗಂಡಸಿನದು ಎಂಬ ನಂಬಿಕೆ ಉಳಿದರ್ಧ. 1980ರಲ್ಲಿ ಟಿವಿಎಸ್ 50, ಆ ದಶಕದ ನಡುವಿನಲ್ಲಿ ನೂರು ಸಿಸಿಯ ಬೈಕುಗಳು ಬಂದು, ಗಂಡಸರು ಒಬ್ಬೊಬ್ಬರಾಗಿ ಸೈಕಲ್ಲಿನಿಂದ ಇಳಿದ ಮೇಲೂ, ಹಳೆಯ ಫ್ರೇಮುಗಳು ಅಟ್ಟಕ್ಕೋ ಗುಜರಿಗೋ ಹೋದವೇ ಹೊರತು ಮಗಳಿಗೆ ಬರಲಿಲ್ಲ.

ಈ ಸಾಲನ್ನು ಮುರಿದದ್ದು ಸರ್ಕಾರದ ಯೋಜನೆ. ಶಿಕಾರಿಪುರವನ್ನು ಪ್ರತಿನಿಧಿಸುತ್ತಿದ್ದ ಬಿ. ಎಸ್. ಯಡಿಯೂರಪ್ಪನವರು ಉಪಮುಖ್ಯಮಂತ್ರಿಯಾಗಿ, ಹಣಕಾಸು ಸಚಿವರಾಗಿದ್ದಾಗ, 2006–07ರಲ್ಲಿ ಎಂಟನೆಯ ತರಗತಿಯಲ್ಲಿ ಓದುವ ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ಲು ಕೊಡುವ ಕಾರ್ಯಕ್ರಮ ಆರಂಭವಾಯಿತು. ಮರುವರ್ಷ ಅದು ಗಂಡುಮಕ್ಕಳಿಗೂ ವಿಸ್ತರಿಸಿತು. ಅದೇ ವರ್ಷಗಳಲ್ಲಿ ಸೊರಬದ ಕುಬಟೂರಿನವರಾದ ಮಾಜಿ ಮುಖ್ಯಮಂತ್ರಿ ಎಸ್. ಬಂಗಾರಪ್ಪನವರು ಸಮಾಜವಾದಿ ಪಕ್ಷವನ್ನು ಸೇರಿ, ಸೈಕಲ್ಲಿನ ಗುರುತಿನ ಮೇಲೆ 2005ರ ಶಿವಮೊಗ್ಗ ಲೋಕಸಭಾ ಉಪಚುನಾವಣೆಯನ್ನು ಗೆದ್ದಿದ್ದರು. 2008ರಲ್ಲಿ ಅದೇ ಗುರುತಿನೊಂದಿಗೆ ಶಿಕಾರಿಪುರದಲ್ಲಿ ಯಡಿಯೂರಪ್ಪನವರೆದುರು ಸ್ಪರ್ಧಿಸಿ ಸೋತರು. ಎರಡು ನೆರೆ ತಾಲ್ಲೂಕುಗಳ ಇಬ್ಬರು ನಾಯಕರ ಹೆಸರೂ ಒಂದೊಂದು ಬಗೆಯಲ್ಲಿ ಸೈಕಲ್ಲಿನೊಂದಿಗೆ ಕೂಡಿಕೊಂಡದ್ದು ಇಲ್ಲಿನ ರಾಜಕೀಯ ಚರಿತ್ರೆಯ ಗಮನಿಸತಕ್ಕ ಸಂಗತಿ.

ಹೆಣ್ಣುಮಕ್ಕಳಿಗೆ ಬಂದ ಸೈಕಲ್ಲಿಗೆ ಅಡ್ಡಬಾರು ಇರಲಿಲ್ಲ, ಮುಂದೆ ಬುಟ್ಟಿಯಿತ್ತು. ಗುಣಮಟ್ಟದ ಬಗ್ಗೆ ದೂರುಗಳು ಕೇಳಿಬಂದದ್ದೂ ಉಂಟು. ಹಳೆಯ ಫ್ರೇಮಿನ ಗಟ್ಟಿತನಕ್ಕೆ ಅವು ಸಾಟಿಯಲ್ಲವೆಂದು ಹಿರಿಯ ಮೇಸ್ತ್ರಿಗಳು ಹೇಳುವ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೂ ಮನೆಯ ಬೇರೆ ಯಾರಿಂದಲೂ ಬರದೆ, ನೇರವಾಗಿ ಹುಡುಗಿಯ ಹೆಸರಿಗೇ ಶಾಲೆಯ ಪಟ್ಟಿಯಲ್ಲಿ ಬರೆದುಕೊಂಡು ಬಂದ ಮೊದಲ ಸೈಕಲ್ಲು ಎಂಬ ಹಿರಿಮೆ ಅದರದು. ಅದರಿಂದ ಹಸ್ತಾಂತರದ ದಿಕ್ಕೇ ಬದಲಾಯಿತು. ಹೈಸ್ಕೂಲು ಮುಗಿಸಿದ ಮಗಳ ಸೈಕಲ್ಲು ಗದ್ದೆಗೆ ಹೋಗಲು ತಂದೆಗೆ, ಹಾಲಿನ ಡೇರಿಗೆ ಹೋಗಲು ತಾಯಿಗೆ ಸಂದಿತು. 2020ರಲ್ಲಿ ಕೊರೊನಾದೊಂದಿಗೆ ಶಾಲೆಗಳಲ್ಲಿ ಸೈಕಲ್ಲಿನ ವಿತರಣೆ ನಿಂತಮೇಲೆ, ಮನೆಯ ಮೂಲೆಯಲ್ಲಿದ್ದ ಆ ಸೈಕಲ್ಲುಗಳನ್ನು ಮತ್ತೆ ಮೇಸ್ತ್ರಿಯ ಬಳಿಗೆ ತಳ್ಳಿಕೊಂಡು ಹೋಗಿ, ಬೆಂಡು ತೆಗೆಸಿ, ಹೊಸ ಟೈರು, ಚೈನು, ಬ್ರೇಕಿನ ರಬ್ಬರು ಹಾಕಿಸಿ, ಎಂಟನೆಯ ತರಗತಿಗೆ ಸೇರಿದ ತಂಗಿಗೆ ಕೊಡುವುದು ಮೊದಲಾಯಿತು.